ಹಾದಿಯಿಲ್ಲದ ನಾಡಿನ ವೈಮಾನಿಕರು

ಮಾನವನು ನೆಲದ ಮೇಲೆ ಹಾದಿಗಳನ್ನು ಮಾಡಿಕೊಂಡೇ ಮುಂದೆ ಸಾಗಿದ್ದಾನೆ. ಕಾಲುಹಾದಿಯು ಬಂಡಿಯ ಜಾಡಾಯಿತು. ಬಂಡಿಯ ಜಾಡು ಹೆದ್ದಾರಿಯಾಯಿತು. ನದಿ ಅಡ್ಡ ಬಂದಲ್ಲಿ ಸೇತುವೆ ಕಟ್ಟಿದನು. ಬೆಟ್ಟ ಅಡ್ಡ ಬಂದಲ್ಲಿ ಸುರಂಗ ಕೊರೆದನು. ವಿಮಾನ ಬಂದ ಮೇಲೆ ಹಾದಿಯ ಹಂಗೇ ತಪ್ಪಿತೆಂದು ನಮಗೆ ತೋರುವುದು ಸಹಜ. ಸ್ವಲ್ಪ ವಿಚಾರ ಮಾಡಿದರೆ ಅದು ಪೂರ್ಣ ಸತ್ಯವಲ್ಲವೆಂದು ತಿಳಿಯುತ್ತದೆ. ದೊಡ್ಡ ವಿಮಾನಕ್ಕೆ ಕಿಲೋಮೀಟರುಗಟ್ಟಲೆ ಉದ್ದದ ರನ್‌ವೇ ಬೇಕು. ರಾತ್ರಿ ದಾರಿ ತೋರಲು ದೀಪಗಳ ಸಾಲು ಬೇಕು. ಗಾಳಿ, ಮಳೆ, ಮಂಜುಗಳ ಸುದ್ದಿ ತಿಳಿಸಲು ನಿಯಂತ್ರಣ ಗೋಪುರ ಬೇಕು. ಆಕಾಶದಲ್ಲಿ ಎಷ್ಟೇ ದೂರ ಹಾರಿದರೂ ಏರುವುದಕ್ಕೂ ಇಳಿಯುವುದಕ್ಕೂ ನೆಲದ ಮೇಲೆ ಇನ್ನೊಬ್ಬರು ಸಿದ್ಧಮಾಡಿಟ್ಟ ಹಾದಿ ಅದಕ್ಕೆ ಬೇಕೇ ಬೇಕು.

ಆದರೆ ಇಂತಹ ಯಾವ ಸಿದ್ಧತೆಯೂ ಇಲ್ಲದ ಕಡೆಗಳಲ್ಲಿ ವಿಮಾನವನ್ನು ಇಳಿಸಿ, ಮತ್ತೆ ಏರಿಸಿಕೊಂಡು ಬರುವ ವೈಮಾನಿಕರೂ ಇದ್ದಾರೆ. ಹೊಳೆಯ ನಡುವಿನ ಮರಳದಿಣ್ಣೆ, ಹೆಪ್ಪುಗಟ್ಟಿದ ಸರೋವರ, ಪರ್ವತದ ಇಳಿಜಾರಿನ ಹಿಮ, ಕಾಡಿನ ನಡುವಣ ಅಂಗೈಯಗಲದ ಬಯಲು, ಇವೇ ಅವರ ವಿಮಾನ ನಿಲ್ದಾಣಗಳು. ಅವರನ್ನು ‘ಬುಷ್ ಪೈಲಟ್’ ಎಂದು ಕರೆಯುತ್ತಾರೆ. ಜನವಸತಿ ವಿರಳವಾದ ಕಾಡುಮೇಡಿನ ಸೀಮೆಗೆ ಆ ನಾಡುಗಳಲ್ಲಿ ‘ಬುಷ್’ ಎಂಬ ಹೆಸರುಂಟು. ಕೆನಡಾದ ಉತ್ತರ ಭಾಗ ಮತ್ತು ಅಮೆರಿಕದ ಅಲಾಸ್ಕಾ ರಾಜ್ಯ ಇವರ ಮುಖ್ಯ ಕಾರ್ಯಕ್ಷೇತ್ರಗಳು. ಇವರ ಕೆಲಸದ ಬೆಲೆ ಏನೆಂಬುದನ್ನು ತಿಳಿಯಲು ಒಂದು ನಿಜ ಸಂಗತಿಯನ್ನು ನೋಡೋಣ.

1928ರ ಡಿಸೆಂಬರ್ ತಿಂಗಳು. ಕೆನಡಾದ ಆಲ್ಬರ್ಟಾ ಪ್ರಾಂತದ ಉತ್ತರದಲ್ಲಿ, ಪೀಸ್ ನದಿಯ ದಂಡೆಯ ಮೇಲೆ ಫೋರ್ಟ್ ವರ್ಮಿಲಿಯನ್ ಎಂಬ ಸಣ್ಣ ಊರು. ಅದರ ಆಚೆಯ ಒಂದು ವ್ಯಾಪಾರದ ಠಾಣ್ಯದಲ್ಲಿ ಒಬ್ಬ ನೌಕರನಿಗೆ ಡಿಫ್ತೀರಿಯಾ ರೋಗ ತಗುಲಿತು. ನಮ್ಮ ಹಿರಿಯರು ಗಂಟಲುಮಾರಿ ಎಂದು ಕರೆದು ನಡುಗುತ್ತಿದ್ದ ರೋಗವೇ ಇದು. ಗಂಟಲಿನಲ್ಲಿ ಪೊರೆ ಬೆಳೆದು ಉಸಿರು ಕಟ್ಟುತ್ತದೆ. ಮಕ್ಕಳಿಗಂತೂ ಇದು ಬಹು ಮಾರಕ. ಊರಿನ ವೈದ್ಯನಾದ ಡಾ. ಹ್ಯಾಮನ್‌ನ ಬಳಿ ಇದ್ದ ಔಷಧ ಊರಿಗೆಲ್ಲ ಸಾಲುವಂತಿರಲಿಲ್ಲ. ತಂತಿ ಕಳುಹಿಸುವ ಸೌಕರ್ಯವಿದ್ದುದು ಬಹು ದೂರದ ಪೀಸ್ ರಿವರ್ ಪಟ್ಟಣದಲ್ಲಿ. ವೈದ್ಯನ ಓಲೆಯನ್ನು ಹಿಡಿದು ಇಬ್ಬರು ಕುದುರೆ ಹೂಡಿದ ಹಿಮಗಾಡಿಯಲ್ಲಿ ಹೊರಟರು. ಕೊರೆಯುವ ಚಳಿಯಲ್ಲಿ ಆ ದಾರಿಯನ್ನು ಸವೆಸಲು ಅವರಿಗೆ ಸುಮಾರು ಎರಡು ವಾರ ಹಿಡಿಯಿತು. ಅವರು ತಲುಪುವ ಮೊದಲೇ ಆ ನೌಕರನು ತೀರಿಕೊಂಡಿದ್ದನು.

ಸುದ್ದಿ ಎಡ್ಮಂಟನ್ ನಗರವನ್ನು ಮುಟ್ಟಿದೊಡನೆ ಆರೋಗ್ಯ ಇಲಾಖೆಯವರು ವಾಪ್ ಮೇ ಎಂಬ ವೈಮಾನಿಕನನ್ನು ಕೇಳಿಕೊಂಡರು. ಆತ ಒಪ್ಪಿದನು. 1929ರ ಜನವರಿ 2ರಂದು ತನ್ನ ಗೆಳೆಯ ವಿಕ್ ಹಾರ್ನರ್‌ನೊಡನೆ ಹೊರಟೇಬಿಟ್ಟನು. ಅವರ ವಿಮಾನವೋ ಮೇಲ್ಛಾವಣಿಯಿಲ್ಲದ ಪುಟ್ಟ ಏವ್ರೊ ಏವಿಯನ್. ಹಿಮದ ಮೇಲೆ ಜಾರುವ ‘ಸ್ಕೀ’ ಎಂಬ ಹಲಗೆಗಳೂ ಅದಕ್ಕಿರಲಿಲ್ಲ, ಬರಿಯ ಗಾಲಿಗಳಿದ್ದವು. ಶೈತ್ಯವು ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಔಷಧ ಹೆಪ್ಪುಗಟ್ಟಿದರೆ ಕೆಡುತ್ತದೆಂದು ಅದನ್ನು ಕಂಬಳಿಯಲ್ಲಿ ಸುತ್ತಿ, ಜೊತೆಗೆ ಇದ್ದಿಲಿನ ಸಣ್ಣ ಅಗ್ಗಿಷ್ಟಿಕೆಯೊಂದನ್ನು ಇರಿಸಿದ್ದರು. ದಾರಿಯಲ್ಲಿ ಅದರಿಂದಲೇ ಬೆಂಕಿ ಹೊತ್ತಿಕೊಂಡಿತು. ಹೇಗೋ ಅದನ್ನು ಆರಿಸಿ ಔಷಧವನ್ನು ಉಳಿಸಿಕೊಂಡರು. ಚಳಿಗಾಲದ ಹಗಲು ಬಹು ಕಿರಿದಾದ್ದರಿಂದ ನಡುವೆ ಒಂದು ರಾತ್ರಿ ತಂಗಬೇಕಾಯಿತು. ಮರುದಿನ ಅವರು ಫೋರ್ಟ್ ವರ್ಮಿಲಿಯನ್ನನ್ನು ಮುಟ್ಟಿದರು. ಔಷಧವು ವೈದ್ಯನ ಕೈಸೇರಿತು. ರೋಗ ಊರೂರಿಗೆ ಹರಡುವುದು ತಪ್ಪಿತು. ಜನವರಿ 6ರಂದು ಅವರು ಎಡ್ಮಂಟನ್ನಿಗೆ ಮರಳಿದಾಗ ಸಾವಿರಾರು ಜನ ಚಳಿಯಲ್ಲಿ ನಿಂತು ಕಾಯುತ್ತಿದ್ದರು. ಸುದ್ದಿ ನೆಲದ ಮೇಲೆ ಬರಲು ಎರಡು ವಾರ. ಔಷಧ ಆಕಾಶದಲ್ಲಿ ಹೋಗಲು ಎರಡು ದಿನ. ಬುಷ್ ಪೈಲಟ್ಟನ ಬಾಳಿನ ಅರ್ಥವೆಲ್ಲ ಈ ಅಂತರದಲ್ಲಿದೆ.

ಅಲಾಸ್ಕಾದಲ್ಲಿ ಇಂತಹ ಹಾರಾಟಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬ ಶಾಲಾ ಉಪಾಧ್ಯಾಯನಿದ್ದನೆಂಬುದು ಸ್ವಾರಸ್ಯದ ಸಂಗತಿ. ಕಾರ್ಲ್ ಬೆನ್ ಐಲ್ಸನ್ ಎಂಬಾತನು 1922ರಲ್ಲಿ ಫೇರ್‌ಬ್ಯಾಂಕ್ಸ್ ಪಟ್ಟಣದ ಪ್ರೌಢಶಾಲೆಗೆ ಪಾಠ ಹೇಳಲು ಬಂದನು. ಸೈನ್ಯದಲ್ಲಿ ವಿಮಾನ ನಡೆಸಲು ಕಲಿತಿದ್ದ ಆತನ ಮನಸ್ಸು ಆಕಾಶದ ಕಡೆಗೇ ಇತ್ತು. ಊರಿನ ಜನರು ಹಣ ಹಾಕಿ ಒಂದು ಹಳೆಯ ವಿಮಾನವನ್ನು ತರಿಸಿದರು. 1924ರ ಫೆಬ್ರವರಿ 21ರಂದು ಐಲ್ಸನ್ ಅಂಚೆಯ ಚೀಲಗಳನ್ನು ಹೊತ್ತು, ಅಂಚೆ ಇಲಾಖೆಯ ವಿಮಾನದಲ್ಲಿ ಮೆಕ್‌ಗ್ರಾತ್ ಎಂಬ ದೂರದ ಊರಿಗೆ ಹಾರಿದನು. ನಾಯಿಗಳು ಎಳೆಯುವ ಹಿಮಗಾಡಿಗೆ ಎರಡು ಮೂರು ವಾರ ಹಿಡಿಯುತ್ತಿದ್ದ ದಾರಿಯನ್ನು ಆತ ಮೂರು ಗಂಟೆಗಳೊಳಗೆ ಮುಗಿಸಿದನು. ಮರಳುವಾಗ ಕತ್ತಲಾಯಿತು. ಊರಿನವರು ಹೊತ್ತಿಸಿದ ಬೆಂಕಿಯ ಬೆಳಕಿನಲ್ಲಿ ಆತ ಕೆಳಗಿಳಿದನು.

ಇಂತಹ ಹಾರಾಟಕ್ಕೆ ಧೈರ್ಯವೊಂದೇ ಸಾಲದು, ದುಡಿಮೆ ಬೇಕು. ಚಳಿಗಾಲದಲ್ಲಿ ವಿಮಾನ ಇಳಿದೊಡನೆ ವೈಮಾನಿಕನ ವಿಶ್ರಾಂತಿ ಪ್ರಾರಂಭವಾಗುತ್ತಿರಲಿಲ್ಲ. ಇಂಜಿನ್ನಿನ ಎಣ್ಣೆ ರಾತ್ರಿ ಅಂಟಿನಂತೆ ಗಟ್ಟಿಯಾಗುವುದರಿಂದ ಬಿಸಿಯಿರುವಾಗಲೇ ಅದನ್ನು ಡಬ್ಬಕ್ಕೆ ಬಸಿದುಕೊಂಡು ಗುಡಿಸಿಲಿನೊಳಗೆ ಒಯ್ಯಬೇಕು. ಬೆಳಗ್ಗೆ ಇಂಜಿನ್ನಿಗೆ ದಪ್ಪ ಬಟ್ಟೆಯ ಮುಸುಕು ಹಾಕಿ, ಕೆಳಗೆ ಒಲೆ ಹಚ್ಚಿ, ಅದನ್ನು ಗಂಟೆಗಟ್ಟಲೆ ಕಾಯಿಸಬೇಕು. ಬಳಿಕ ಎಣ್ಣೆಯನ್ನು ಬಿಸಿಮಾಡಿ ಮತ್ತೆ ಹೊಯ್ಯಬೇಕು. ರೆಕ್ಕೆಗಳ ಮೇಲೆ ಕೂತ ಹಿಮದ ತೆಳುಪದರವನ್ನೂ ಬಿಡದೆ ಒರೆಸಬೇಕು. ಅಷ್ಟು ಸಣ್ಣ ಪದರವೇ ರೆಕ್ಕೆಯ ಎತ್ತುವ ಶಕ್ತಿಯನ್ನು ಕುಂದಿಸಬಲ್ಲುದು. ಚಾಲಕನೂ ಆತನೇ, ಕಮ್ಮಾರನೂ ಆತನೇ, ಹಮಾಲಿಯೂ ಆತನೇ.

ಇನ್ನು ಇಳಿಯುವ ಕೌಶಲವನ್ನು ನೋಡೋಣ. ಈ ಕೆಲಸಕ್ಕೆ ಹೆಸರಾದ ಸೂಪರ್ ಕಬ್ ಎಂಬ ಪುಟ್ಟ ವಿಮಾನವು ಗಂಟೆಗೆ ಸುಮಾರು 70 ಕಿ.ಮೀ. ವೇಗಕ್ಕೆ ಇಳಿದರೂ ಗಾಳಿಯಲ್ಲಿ ನಿಲ್ಲಬಲ್ಲುದು. ಅದಕ್ಕಿಂತ ನಿಧಾನವಾದರೆ ರೆಕ್ಕೆಯ ಮೇಲಣ ಗಾಳಿಯ ಹರಿವು ಕದಡಿ, ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋಗುತ್ತದೆ. ಇದನ್ನು ‘ಸ್ಟಾಲ್’ ಎನ್ನುತ್ತಾರೆ. ವೇಗ ಹೆಚ್ಚಾದರೆ ಸಣ್ಣ ಮರಳದಿಣ್ಣೆ ಮುಗಿದು ವಿಮಾನ ನೀರಿಗೆ ನುಗ್ಗುತ್ತದೆ. ಕಡಿಮೆಯಾದರೆ ಆಕಾಶದಿಂದಲೇ ಕುಸಿಯುತ್ತದೆ. ಈ ಎರಡು ಅಪಾಯಗಳ ನಡುವಣ ಎಳೆಯಷ್ಟು ಅಂತರದಲ್ಲಿ ವೈಮಾನಿಕನು ವಿಮಾನವನ್ನು ತರಬೇಕು. ಆದ್ದರಿಂದ ಆತ ನೇರವಾಗಿ ಇಳಿಯುವುದಿಲ್ಲ. ಮೊದಲು ತಗ್ಗಿನಲ್ಲಿ ಒಂದೆರಡು ಸಲ ಹಾರಿ ಕಲ್ಲು, ಕೊರಡು, ಹಳ್ಳಗಳನ್ನು ನೋಡಿಕೊಳ್ಳುತ್ತಾನೆ. ನೀರಿನ ಮೇಲಣ ತೆರೆ, ಮರಗಳ ತುದಿ, ಹೊಗೆಯ ಬಾಗು ಇವುಗಳಿಂದ ಗಾಳಿಯ ದಿಕ್ಕನ್ನು ಓದುತ್ತಾನೆ. ಬಳಿಕ ಗಾಲಿಗಳನ್ನು ನೆಲಕ್ಕೆ ಹಗುರವಾಗಿ ತಾಗಿಸಿ ಮತ್ತೆ ಮೇಲೇಳುತ್ತಾನೆ. ನೆಲ ಗಟ್ಟಿಯೋ ಮೆದುವೋ ಎಂಬುದು ಆ ಸ್ಪರ್ಶದಿಂದ ತಿಳಿಯುತ್ತದೆ. ಎಲ್ಲವೂ ಸರಿಯೆಂದು ತೋರಿದ ಮೇಲೆ ಮಾತ್ರ ಇಳಿಯುತ್ತಾನೆ.

ಹಿಮನದಿಯ ಮೇಲೆ ಇಳಿಯುವುದು ಇನ್ನೂ ಕಠಿಣ. ಮೋಡ ಕವಿದ ದಿನ ನೆಲವೂ ಬಿಳಿ, ಆಕಾಶವೂ ಬಿಳಿ. ಹಿಮವು ಹತ್ತು ಅಡಿ ಕೆಳಗಿದೆಯೋ ನೂರು ಅಡಿ ಕೆಳಗಿದೆಯೋ ಕಣ್ಣಿಗೆ ತಿಳಿಯದು. ಆಗ ಅನುಭವಿಗಳು ಮರದ ರೆಂಬೆಗಳನ್ನೋ ಬೇರೆ ಕಪ್ಪು ವಸ್ತುಗಳನ್ನೋ ಮೇಲಿನಿಂದ ಸಾಲಾಗಿ ಉದುರಿಸಿ, ಅವನ್ನು ಗುರುತಾಗಿಟ್ಟುಕೊಂಡು ಇಳಿಯುತ್ತಾರೆ. ಇಳಿಜಾರನ್ನು ಏರುವ ದಿಕ್ಕಿನಲ್ಲಿ ಇಳಿದರೆ ವಿಮಾನ ಬೇಗ ನಿಲ್ಲುತ್ತದೆ. ನಿಂತೊಡನೆ ಅದನ್ನು ಅಡ್ಡಕ್ಕೆ ತಿರುಗಿಸದಿದ್ದರೆ ಹಿಂದಕ್ಕೆ ಜಾರುತ್ತದೆ. ಹೊರಡುವಾಗ ಅದೇ ಇಳಿಜಾರು ವೇಗವನ್ನು ಕೊಡುತ್ತದೆ.

ಈ ವಿದ್ಯೆಯಲ್ಲಿ ಪಳಗಿದವನು ಅಲಾಸ್ಕಾದ ಟಾಲ್ಕೀಟ್ನಾ ಎಂಬ ಹಳ್ಳಿಯ ಡಾನ್ ಶೆಲ್ಡನ್. ಆ ಹಳ್ಳಿಯ ಉತ್ತರಕ್ಕೆ ಉತ್ತರ ಅಮೆರಿಕದಲ್ಲೇ ಅತ್ಯುನ್ನತವಾದ, 6,190 ಮೀಟರ್ ಎತ್ತರದ ಮೆಕಿನ್ಲೆ ಶಿಖರವಿದೆ. ಅದಕ್ಕೆ ಡೆನಾಲಿ ಎಂಬ ಹೆಸರೂ ಉಂಟು. 1960ರ ಮೇ ತಿಂಗಳಿನಲ್ಲಿ ಆ ಪರ್ವತದ ಮೇಲೆ, ಸುಮಾರು 4,300 ಮೀಟರ್ ಎತ್ತರದಲ್ಲಿ, ಪರ್ವತಾರೋಹಿಯಾದ ಮಹಿಳೆಯೊಬ್ಬಳು ಎತ್ತರದ ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದಳು. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಇಂಜಿನ್ನಿನ ಬಲವೂ ಕುಗ್ಗುತ್ತದೆ, ರೆಕ್ಕೆಯ ಬಲವೂ ಕುಗ್ಗುತ್ತದೆ. ಶೆಲ್ಡನ್ ತನ್ನ ಸೂಪರ್ ಕಬ್ ವಿಮಾನವನ್ನು ಅಲ್ಲಿಯ ಹಿಮದ ಇಳಿಜಾರಿನಲ್ಲಿ ಇಳಿಸಿ ಆಕೆಯನ್ನು ಹೊತ್ತು ತಂದನು. ಆಕೆ ಬದುಕಿದಳು.

ಅದಕ್ಕೂ ಐದು ವರ್ಷಗಳ ಹಿಂದೆ, 1955ರಲ್ಲಿ, ಆತ ಮಾಡಿದ ಸಾಹಸ ಇನ್ನೂ ವಿಚಿತ್ರವಾದುದು. ಸುಸಿಟ್ನಾ ನದಿಯು ಡೆವಿಲ್ಸ್ ಕ್ಯಾನ್ಯನ್ ಎಂಬ ಇಕ್ಕಟ್ಟಾದ ಕಮರಿಯಲ್ಲಿ ನೊರೆಗಟ್ಟಿ ಧುಮ್ಮಿಕ್ಕುತ್ತದೆ. ಅಲ್ಲಿ ಸೈನಿಕರ ದೋಣಿಯೊಂದು ಒಡೆದು, ಬದುಕಿದವರು ಬಂಡೆಯ ಅಂಚನ್ನು ಹಿಡಿದುಕೊಂಡಿದ್ದರು. ಶೆಲ್ಡನ್ ನೀರಿನಲ್ಲಿ ತೇಲಬಲ್ಲ ವಿಮಾನದಲ್ಲಿ ಕಮರಿಯೊಳಕ್ಕೆ ಇಳಿದು, ಪ್ರವಾಹಕ್ಕೆ ಎದುರು ಮುಖವಾಗಿ ನೀರನ್ನು ಮುಟ್ಟಿದನು. ಪ್ರವಾಹವು ವಿಮಾನವನ್ನು ಹಿಂದಕ್ಕೆ ತಳ್ಳುತ್ತಿತ್ತು. ಆತ ಅದನ್ನು ತಡೆಯಲು ಹೋಗದೆ, ಇಂಜಿನ್ನಿನ ಬಲವನ್ನು ಹೆಚ್ಚು ಕಡಿಮೆ ಮಾಡುತ್ತ, ಹಿಮ್ಮುಖವಾಗಿಯೇ ತೇಲುತ್ತ ಬಂಡೆಯ ಬಳಿಗೆ ಬಂದನು. ಒಂದೇ ಸಲಕ್ಕೆ ಎಲ್ಲರನ್ನೂ ಹೊರಲು ಸಾಧ್ಯವಿರಲಿಲ್ಲ. ಹತ್ತಿಸಿಕೊಂಡವರೊಡನೆ ಮತ್ತೆ ಹಿಮ್ಮುಖವಾಗಿ ನೊರೆನೀರಿನಲ್ಲಿ ಸಾಗಿ, ಅನುಕೂಲವಾದ ಸ್ಥಳದಲ್ಲಿ ಮೇಲೇರಿದನು. ಮರಳಿ ಮರಳಿ ಅದೇ ಕಮರಿಗೆ ಇಳಿದು ಉಳಿದವರನ್ನೂ ಕರೆತಂದನು. ನದಿಯೊಡನೆ ಸೆಣಸಿದ್ದರೆ ಆತ ಸೋಲುತ್ತಿದ್ದನು; ನದಿಯ ಸ್ವಭಾವವನ್ನು ಅರಿತು ಅದರೊಡನೆ ನಡೆದುದರಿಂದ ಗೆದ್ದನು.

ಬುಷ್ ಪೈಲಟ್ಟನಿಗೆ ಬೇಕಾದ ಮತ್ತೊಂದು ಗುಣವಿದೆ. ಅದು ಬೇಡವೆನ್ನುವ ವಿವೇಕ. ಬಾಬ್ ರೀವ್ ಎಂಬಾತ ಅಲಾಸ್ಕಾದ ವಾಲ್ಡೀಸ್ ಎಂಬ ಕಡಲತೀರದ ಊರಿನವನು. ಬೇಸಿಗೆಯಲ್ಲಿ ಊರಿನ ಹಿಮ ಕರಗಿದರೂ ಎತ್ತರದ ಹಿಮನದಿಗಳ ಮೇಲೆ ಇಳಿಯಲು ಸ್ಕೀ ಬೇಕು. ಸ್ಕೀ ಇದ್ದರೆ ಒಣನೆಲದಿಂದ ಏರಲಾಗದು. ರೀವ್ ಇದಕ್ಕೊಂದು ಉಪಾಯ ಕಂಡನು. ಸಮುದ್ರದ ಇಳಿತದಲ್ಲಿ ಹೊರಬೀಳುವ ಜಾರುವ ಕೆಸರಿನ ಬಯಲನ್ನೇ ಆತ ರನ್‌ವೇ ಮಾಡಿಕೊಂಡನು. ಇಷ್ಟು ಸಾಹಸಿಯಾದವನು 1937ರಲ್ಲಿ ಇಬ್ಬರು ಪರ್ವತಾರೋಹಿಗಳನ್ನು ಕೆನಡಾದ ಲೂಕೇನಿಯ ಪರ್ವತದ ಬಳಿಯ ವಾಲ್ಶ್ ಹಿಮನದಿಯ ಮೇಲೆ ಇಳಿಸಿದನು. ಅಕಾಲದ ಮಳೆಯಿಂದ ಹಿಮ ಕೆಸರಾಗಿ ವಿಮಾನ ಹೂತುಹೋಯಿತು. ಐದು ದಿನ ಕಾದು, ಅನಾವಶ್ಯಕವಾದ ಭಾರವನ್ನೆಲ್ಲ ಕಿತ್ತುಹಾಕಿ, ಆತ ಒಬ್ಬನೇ ಹೇಗೋ ಮೇಲೆದ್ದನು. ತಂಡದ ಇನ್ನಿಬ್ಬರು ವಾಲ್ಡೀಸಿನಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದರು. ರೀವ್ ಅವರನ್ನು ಕರೆದೊಯ್ಯಲಿಲ್ಲ. ಆ ಹಿಮನದಿಗೆ ಮತ್ತೆ ಹೋಗಲಿಲ್ಲ. ಮೇಲಿದ್ದ ಬ್ರಾಡ್‌ಫರ್ಡ್ ವಾಶ್‌ಬರ್ನ್ ಮತ್ತು ರಾಬರ್ಟ್ ಬೇಟ್ಸ್ ಶಿಖರವನ್ನೇರಿ, ನೂರಾರು ಕಿಲೋಮೀಟರ್ ನಡೆದು ಹೊರಬಂದರು. ರೀವ್ ಹೇಡಿಯೆಂದು ಯಾರೂ ಅನ್ನಲಿಲ್ಲ. ಬೇಡವೆನ್ನಲು ಬಾರದವನು ಬಹುಕಾಲ ಹಾರಲಾರನು.

ಎಷ್ಟು ವಿವೇಕವಿದ್ದರೂ ಪ್ರಕೃತಿಯ ಮುಂದೆ ಮನುಷ್ಯ ಸಣ್ಣವನೇ. ಹಿಂದೆ ಹೇಳಿದ ಐಲ್ಸನ್ 1928ರಲ್ಲಿ ಹ್ಯೂಬರ್ಟ್ ವಿಲ್ಕಿನ್ಸ್‌ನೊಡನೆ ಅಲಾಸ್ಕಾದಿಂದ ಸ್ಪಿಟ್ಸ್‌ಬರ್ಗನ್‌ವರೆಗೆ ಉತ್ತರ ಧ್ರುವಸಾಗರವನ್ನು ದಾಟಿ ಜಗತ್ಪ್ರಸಿದ್ಧನಾಗಿದ್ದನು. 1929ರ ನವೆಂಬರಿನಲ್ಲಿ ಸೈಬೀರಿಯದ ಕರಾವಳಿಯ ಬಳಿ ಹಿಮದಲ್ಲಿ ಸಿಕ್ಕಿಬಿದ್ದ ಹಡಗೊಂದಕ್ಕೆ ನೆರವಾಗಲು ಸಹಾಯಕನೊಡನೆ ಹೊರಟವನು ಬಿರುಗಾಳಿಯಲ್ಲಿ ಕಣ್ಮರೆಯಾದನು. ನಾಡಿನ ವೈಮಾನಿಕರೆಲ್ಲ ಹುಡುಕಿದರು. 1930ರ ಜನವರಿಯಲ್ಲಿ ಹಿಮದಿಂದ ಹೊರಚಾಚಿದ ಒಂದು ರೆಕ್ಕೆ ಕಂಡಿತು. ಇಬ್ಬರೂ ಮಡಿದಿದ್ದರು.

ಇಂತಹ ಕೌಶಲಕ್ಕೆ ನಮ್ಮ ಹಿಮಾಲಯವೂ ಸಾಕ್ಷಿಯಾಗಿದೆ. 1948ರಲ್ಲಿ ಶತ್ರುಗಳು ಲಡಾಖಿನ ಲೇಹ್ ಪಟ್ಟಣವನ್ನು ಸಮೀಪಿಸುತ್ತಿದ್ದರು. ನೆಲದ ದಾರಿಯಲ್ಲಿ ಬೇಗ ನೆರವು ಕಳುಹಿಸುವುದು ಸಾಧ್ಯವಿರಲಿಲ್ಲ. ಮೇ 24ರಂದು ವಾಯುಪಡೆಯ ಏರ್ ಕಮೋಡೋರ್ ಮೆಹರ್ ಸಿಂಗ್ ಅವರು, ಸರಿಯಾದ ನಕ್ಷೆಯಿಲ್ಲದೆ, ಉನ್ನತ ಪರ್ವತಗಳ ಮೇಲಿಂದ ಡಕೋಟ ವಿಮಾನವನ್ನು ನಡೆಸಿ, 3,500 ಮೀಟರಿಗೂ ಹೆಚ್ಚು ಎತ್ತರದ ಲೇಹ್‌ನಲ್ಲಿ ಇಳಿಸಿದರು. ಅಲ್ಲಿ ಇದ್ದುದು ಸಿಂಧೂ ನದಿಯ ಬಳಿಯ ಮರಳುನೆಲವನ್ನು ಸಮಮಾಡಿ ಅವಸರದಲ್ಲಿ ಸಿದ್ಧಪಡಿಸಿದ ಒಂದು ಪಟ್ಟಿ ಮಾತ್ರ. ಆ ವಿಮಾನದಲ್ಲಿ ಕುಳಿತು ಬಂದವರು ನಮ್ಮ ಕೊಡಗಿನ ವೀರ, ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಆ ಬಳಿಕ ವಿಮಾನಗಳಲ್ಲಿ ಸೈನಿಕರು ಬಂದಿಳಿದರು, ಲೇಹ್ ಉಳಿಯಿತು.

ಹನ್ನೆರಡು ವರ್ಷಗಳ ತರುವಾಯ, 1960ರಲ್ಲಿ, ನೇಪಾಳದ ಧವಳಗಿರಿಯನ್ನೇರಲು ಬಂದ ಸ್ವಿಸ್ ತಂಡವು ಪಿಲಾಟಸ್ ಪೋರ್ಟರ್ ಎಂಬ ವಿಮಾನವನ್ನು ತಂದಿತು. ಅದಕ್ಕೆ ‘ಯೇತಿ’ ಎಂದು ಹೆಸರಿಟ್ಟಿದ್ದರು. ಎರ್ನ್ಸ್ಟ್ ಸಾಕ್ಸರ್ ಮತ್ತು ಎಮಿಲ್ ವಿಕ್ ಅದನ್ನು 5,700 ಮೀಟರ್ ಎತ್ತರದ ಹಿಮದ ಮೇಲೆ ಇಳಿಸಿ ದಾಖಲೆ ಮಾಡಿದರು. ಕೊನೆಗೆ ಯೇತಿ ಅಪಘಾತಕ್ಕೀಡಾಯಿತು. ಚಾಲಕರಿಬ್ಬರೂ ಬದುಕುಳಿದು, ಪರ್ವತವನ್ನು ಕಾಲ್ನಡಿಗೆಯಲ್ಲಿ ಇಳಿದು ಬಂದರು.

ಪೋರ್ಟರ್ ಜಾತಿಯ ವಿಮಾನವು ಇನ್ನೊಂದು ಬಗೆಯ ವೈಮಾನಿಕರಿಗೂ ಪ್ರಿಯವಾದುದು. ಪ್ಯಾರಾಚೂಟ್ ಕಟ್ಟಿಕೊಂಡು ಆಕಾಶದಿಂದ ಧುಮುಕುವ ಕ್ರೀಡಾಳುಗಳನ್ನು ಮೇಲೊಯ್ಯುವವರೇ ಇವರು. ನೋಡುವವರ ಕಣ್ಣೆಲ್ಲ ಧುಮುಕುವವರ ಮೇಲಿರುತ್ತದೆ. ಚಾಲಕನನ್ನು ಗಮನಿಸುವವರು ಕಡಿಮೆ. ಆತನ ಕೆಲಸವಾದರೂ ಸುಲಭದ್ದಲ್ಲ. ಸುಮಾರು 4,000 ಮೀಟರ್ ಎತ್ತರದಲ್ಲಿ, ಬಾಗಿಲು ತೆರೆದಿರುವಾಗ, ಆತ ವಿಮಾನವನ್ನು ನಿಧಾನಗೊಳಿಸಬೇಕು. ಆ ಹೊತ್ತಿನಲ್ಲೇ ಎಂಟು ಹತ್ತು ಮಂದಿ ಹಿಂಬದಿಯ ಬಾಗಿಲ ಬಳಿಗೆ ಸರಿಯುತ್ತಾರೆ. ಭಾರವೆಲ್ಲ ಬಾಲದ ಕಡೆಗೆ ಹೋಗಿ ಮೂತಿ ಮೇಲೇಳಲು ತೊಡಗುತ್ತದೆ. ಎಚ್ಚರ ತಪ್ಪಿದರೆ ಹಿಂದೆ ಹೇಳಿದ ಸ್ಟಾಲ್ ಸ್ಥಿತಿ ಬಂದೊದಗುತ್ತದೆ. ಒಬ್ಬೊಬ್ಬರು ಹಾರಿದಂತೆಲ್ಲ ತೂಕ ಬದಲಾಗುತ್ತದೆ. ಕೈಯಲ್ಲಿರುವ ಸನ್ನೆಯನ್ನು ಅದಕ್ಕೆ ತಕ್ಕಂತೆ ಹದವಾಗಿ ನಡೆಸಬೇಕು.

ಎಲ್ಲಿ ಧುಮುಕಬೇಕೆಂಬುದೂ ಲೆಕ್ಕದ ಮಾತು. ಪ್ಯಾರಾಚೂಟ್ ಬಿಚ್ಚುವ ಮೊದಲು ಅವರು ಸುಮಾರು ಒಂದು ನಿಮಿಷ, ಗಂಟೆಗೆ 200 ಕಿ.ಮೀ.ನಷ್ಟು ವೇಗದಲ್ಲಿ ಬೀಳುತ್ತಾರೆ. ಗಾಳಿ ಗಂಟೆಗೆ 30 ಕಿ.ಮೀ. ಬೀಸುತ್ತಿದ್ದರೆ ಆ ಒಂದು ನಿಮಿಷದಲ್ಲೇ ಅವರನ್ನು 500 ಮೀಟರ್ ಪಕ್ಕಕ್ಕೆ ಒಯ್ಯುತ್ತದೆ. ಆದ್ದರಿಂದ ಗುರಿಯ ನೇರ ಮೇಲೆ ಅಲ್ಲ, ಗಾಳಿ ಬರುವ ದಿಕ್ಕಿನಲ್ಲಿ ಅಷ್ಟು ದೂರ ಮುಂದೆ ಅವರನ್ನು ಬಿಡಬೇಕು. ತಪ್ಪಿದರೆ ಅವರು ಕೆರೆಯಲ್ಲೋ ವಿದ್ಯುತ್ ತಂತಿಗಳ ಮೇಲೋ ಇಳಿಯುವ ಅಪಾಯವಿದೆ. ಎಲ್ಲರೂ ಹಾರಿದ ಮೇಲೆ ಚಾಲಕನು ಮೂತಿ ತಗ್ಗಿಸಿ, ಬೀಳುತ್ತಿರುವವರಿಂದ ದೂರವಾಗಿ ಕೆಳಗಿಳಿಯುತ್ತಾನೆ. ಎಷ್ಟೋ ಸಲ ಅವರಿಗಿಂತ ಮೊದಲೇ ನೆಲ ಮುಟ್ಟಿ, ಮುಂದಿನ ತಂಡವನ್ನು ಹತ್ತಿಸಿಕೊಳ್ಳುತ್ತಾನೆ. ದಿನಕ್ಕೆ ಹತ್ತಾರು ಸಲ ಇದೇ ಕೆಲಸ. ಬೇಸರದಿಂದ ಒಂದು ಸಲ ಗಮನ ತಪ್ಪಿದರೂ ಸಾಕು, ಅನರ್ಥವಾಗುತ್ತದೆ. ಹತ್ತನೆಯ ಸಲವೂ ಮೊದಲನೆಯ ಸಲದಷ್ಟೇ ಎಚ್ಚರದಿಂದಿರುವುದೇ ಆತನ ಹಿರಿಮೆ.

ಹಿಮನದಿಯ ಮೇಲೆ ಇಳಿಯುವವನಿಗೂ, ಧುಮುಕುವವರನ್ನು ಮೇಲೊಯ್ಯುವವನಿಗೂ ಒಂದು ಸಾಮ್ಯವಿದೆ. ಇಬ್ಬರೂ ತಮ್ಮ ಕೀರ್ತಿಗಾಗಿ ಹಾರುವುದಿಲ್ಲ. ಇನ್ನೊಬ್ಬರ ಪ್ರಾಣವನ್ನು ಕೈಯಲ್ಲಿ ಹಿಡಿದು ಹಾರುತ್ತಾರೆ. ಗಾಳಿ, ನೀರು, ಹಿಮ, ಭಾರ ಇವುಗಳ ಸಣ್ಣ ಸೂಚನೆಯನ್ನೂ ಅಲಕ್ಷಿಸದೆ ಓದುವುದೇ ಅವರ ವಿದ್ಯೆ. ನಾವು ಹೊರಗಿನಿಂದ ನೋಡಿ ಸಾಹಸವೆಂದು ಬೆರಗಾಗುತ್ತೇವೆ. ಅವರ ಪಾಲಿಗೆ ಅದು ಬೆಳಗಿನ ಜಾವದಲ್ಲಿ ಎಣ್ಣೆ ಕಾಯಿಸುವುದರಿಂದ ಮೊದಲಾಗುವ, ಚಿತ್ತವಿಟ್ಟು ಮಾಡಬೇಕಾದ ಒಂದು ಕೆಲಸ. ವಾಪ್ ಮೇ ಹೊತ್ತೊಯ್ದ ಔಷಧದ ಪೊಟ್ಟಣವು ಹಗುರವಾಗಿಯೇ ಇತ್ತು. ಅದರೊಡನೆ ಆತ ಹೊತ್ತ ಹೊಣೆಯ ಭಾರವನ್ನು ಅಳೆಯುವ ತಕ್ಕಡಿ ಇಲ್ಲ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ‘ಬುಷ್ ಪೈಲಟ್’ ಎಂದು ಯಾರನ್ನು ಕರೆಯುತ್ತಾರೆ?
2. ವಾಪ್ ಮೇ ಔಷಧವನ್ನು ಯಾವ ಊರಿಗೆ ಒಯ್ದನು?
3. ಲೇಹ್‌ಗೆ ಬಂದ ಮೊದಲ ಡಕೋಟ ವಿಮಾನದಲ್ಲಿದ್ದ ಕೊಡಗಿನ ವೀರರು ಯಾರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಚಳಿಗಾಲದಲ್ಲಿ ವಿಮಾನ ಇಳಿದ ಮೇಲೆ ವೈಮಾನಿಕನು ಯಾವ ಕೆಲಸಗಳನ್ನು ಮಾಡಬೇಕಾಗಿತ್ತು? ಏಕೆ?
2. ಶೆಲ್ಡನ್ ಕಮರಿಯಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಹೇಗೆ ರಕ್ಷಿಸಿದನು?
3. ಧುಮುಕುವವರನ್ನು ಗುರಿಯ ನೇರ ಮೇಲೆ ಬಿಡಬಾರದೇಕೆ?

ಇ. ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ.
1. “ಬುಷ್ ಪೈಲಟ್ಟನ ಬಾಳಿನ ಅರ್ಥವೆಲ್ಲ ಈ ಅಂತರದಲ್ಲಿದೆ.”
2. “ಬೇಡವೆನ್ನಲು ಬಾರದವನು ಬಹುಕಾಲ ಹಾರಲಾರನು.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಚಳಿಗಾಲ, ಹಿಮಾಲಯ, ಪರ್ವತಾರೋಹಿ, ಹಾದಿಯಿಲ್ಲ.

ಉ. ನಿಮ್ಮ ಊರಿನಲ್ಲಿ ಇತರರ ಪ್ರಾಣದ ಹೊಣೆ ಹೊತ್ತು ದುಡಿಯುವವರೊಬ್ಬರ ಕೆಲಸವನ್ನು ಗಮನಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.